ಅಂಕ ತುಂಬುವ ಮೊದಲು ತಪ್ಪನ್ನು ಓದಿ

ಪ್ರಶ್ನೆ: ನಾನು ಬೆಂಗಳೂರಿನ ಲಗ್ಗೆರೆ ಭಾಗದ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಗೆ ಪಾಠ ಮಾಡುತ್ತೇನೆ. 38 ಮಕ್ಕಳಿದ್ದಾರೆ. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲ ಮನೆಮಾತಿನವರೂ ಇದ್ದಾರೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ), ಎರಡು ಸಂಕಲನಾತ್ಮಕ (ಅರ್ಧ ವರ್ಷದ ಕೊನೆಯ) ಮೌಲ್ಯಮಾಪನ; ಜೊತೆಗೆ ಯೋಜನೆ, ಕೃತಿಸಂಪುಟ (ಮಗುವಿನ ಕೆಲಸದ ಹಾಳೆಗಳ ಕಡತ), ವೀಕ್ಷಣಾ ದಾಖಲೆ, ತಪಶೀಲು ಪಟ್ಟಿ (ಚೆಕ್‌ಲಿಸ್ಟ್). ಎಲ್ಲವನ್ನೂ ಮಾಡುತ್ತಿದ್ದೇನೆ, ದಾಖಲೆಗಳು ಅಚ್ಚುಕಟ್ಟಾಗಿವೆ. ಆದರೆ ಇಂಥ ಮಗುವಿಗೆ ಏನು ಬರುತ್ತದೆ ಎಂದು ಯಾರಾದರೂ ಥಟ್ಟನೆ ಕೇಳಿದರೆ ವಹಿ ತೆರೆಯಬೇಕು. ತೆರೆದರೂ ಅಂಕವಷ್ಟೇ ಸಿಗುತ್ತದೆ. ಇಷ್ಟು ಬಗೆಯ ಮೌಲ್ಯಮಾಪನ ನಿಜವಾಗಿ ಬೇಕೇ? ಯಾವುದನ್ನು ಯಾವಾಗ ಬಳಸಬೇಕು? ಪೋಷಕರಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ‘ತೆರೆದರೂ ಅಂಕವಷ್ಟೇ ಸಿಗುತ್ತದೆ’ ಎಂಬ ಮಾತನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಅಚ್ಚುಕಟ್ಟಾಗಿ ದಾಖಲೆ ಇಟ್ಟವರೊಬ್ಬರು ಅದು ಸಾಲದು ಎಂದು ಒಪ್ಪಿಕೊಳ್ಳುವುದು ಸಣ್ಣ ವಿಷಯವಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಶಿಕ್ಷಕನಾಗಿ ಸೇರಿದ ಎರಡನೆಯ ವರ್ಷ. ವ್ಯವಕಲನದ ಹತ್ತು ಲೆಕ್ಕಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ, ಒಬ್ಬ ಹುಡುಗ, ಇಬ್ಬರಿಗೂ ಹತ್ತಕ್ಕೆ ಆರು ಬಂತು. ವಹಿಯಲ್ಲಿ ಆರು, ಆರು ಎಂದು ಬರೆದು ಗುಣಾಕಾರಕ್ಕೆ ಹೋದೆ. ತಿಂಗಳ ನಂತರ ಇಬ್ಬರೂ ಇನ್ನಷ್ಟು ಹಿಂದೆ ಬಿದ್ದಾಗ ಹಳೆಯ ಪುಸ್ತಕ ತೆಗೆದು ನೋಡಿದೆ. ಹುಡುಗಿ 52ರಲ್ಲಿ 27 ಕಳೆದು 35 ಎಂದು ಬರೆದಿದ್ದಳು. 61ರಲ್ಲಿ 38 ಕಳೆದರೆ 37. 80ರಲ್ಲಿ 46 ಕಳೆದರೆ 46. ಅವಳಿಗೆ ಒಂದು ನಿಯಮ ಇತ್ತು: ಮೇಲಿರಲಿ, ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು. ದಶಕ ಪಡೆಯುವ ಅಗತ್ಯವಿಲ್ಲದ ಆರು ಲೆಕ್ಕಗಳಲ್ಲಿ ಆ ನಿಯಮ ಸರಿಯಾದ ಉತ್ತರವನ್ನೇ ಕೊಟ್ಟಿತ್ತು, ಉಳಿದ ನಾಲ್ಕರಲ್ಲಿ ಕೈಕೊಟ್ಟಿತ್ತು. ಹುಡುಗನ ಕಥೆಯೇ ಬೇರೆ. ನಾನು 83 ಎಂದು ಬರೆದಿದ್ದನ್ನು ಅವನು 88 ಎಂದು ಇಳಿಸಿಕೊಂಡಿದ್ದ. 46 ಕಳೆದು 42 ಎಂದು ಬರೆದಿದ್ದ. ಅವನು ಬರೆದುಕೊಂಡ ಲೆಕ್ಕಕ್ಕೆ ಉತ್ತರ ಸರಿಯಾಗಿಯೇ ಇತ್ತು. ನಾಲ್ಕೂ ತಪ್ಪುಗಳು ಹಾಗೆಯೇ. ಅವನಿಗೆ ಬೇಕಾಗಿದ್ದದ್ದು ಕನ್ನಡಕ.

ಇಬ್ಬರ ಪುಸ್ತಕವೂ ನನ್ನ ಕೈಯಲ್ಲಿತ್ತು, ಇಬ್ಬರ ತಪ್ಪೂ ಕಣ್ಣೆದುರಿಗಿತ್ತು. ನಾನು ತಪ್ಪನ್ನು ಎಣಿಸಿದೆ, ಓದಲಿಲ್ಲ. ಆ ತಿಂಗಳು ಇಂದಿಗೂ ನನ್ನನ್ನು ಕಾಡುತ್ತದೆ. ನಾನು ಈಗ ಹೇಳುವುದೆಲ್ಲ ಆ ಎರಡು ಪುಸ್ತಕಗಳಿಂದ ಕಲಿತದ್ದು.

ರೂಪಣಾತ್ಮಕ, ಸಂಕಲನಾತ್ಮಕ ಎಂಬ ಭೇದವನ್ನು 1967ರಲ್ಲಿ ಮುಂದಿಟ್ಟವರು ತತ್ವಜ್ಞಾನಿ ಮೈಕೆಲ್ ಸ್ಕ್ರಿವನ್. ಅವರು ಮಾತಾಡಿದ್ದು ಪಠ್ಯಕ್ರಮಗಳ ಮೌಲ್ಯಮಾಪನದ ಬಗ್ಗೆ. ಅದನ್ನು ಮಕ್ಕಳ ಕಲಿಕೆಯತ್ತ ತಿರುಗಿಸಿದವರಲ್ಲಿ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮುಖ್ಯರು. ಕೆಲಸ ನಡೆಯುತ್ತಿರುವಾಗಲೇ ತಿದ್ದಿಕೊಳ್ಳುವುದಕ್ಕಾಗಿ ನೋಡುವುದು ರೂಪಣಾತ್ಮಕ, ಮುಗಿದ ಮೇಲೆ ಎಲ್ಲಿಗೆ ತಲುಪಿತು ಎಂದು ನೋಡುವುದು ಸಂಕಲನಾತ್ಮಕ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳಿದಾಗ ಆಶಯ ಇದೇ ಆಗಿತ್ತು. ಆದರೆ ಶಾಲೆಗೆ ಬರುವ ಹೊತ್ತಿಗೆ ರೂಪಣಾತ್ಮಕ ಎನ್ನುವುದು ಒಂದು ಪರೀಕ್ಷೆಯ ಹೆಸರಾಯಿತು. ಒಂದು, ಎರಡು, ಮೂರು, ನಾಲ್ಕು ಎಂದು ಅದಕ್ಕೆ ಸಂಖ್ಯೆ ಬಂತು, ದಿನಾಂಕ ಬಂತು, ಅಂಕದ ಕಾಲಂ ಬಂತು. ನಾಲ್ಕು ಸಲ ಅಳೆದು ಬರೆದಿಟ್ಟರೆ ಅದು ನಾಲ್ಕು ಚಿಕ್ಕ ಸಂಕಲನಾತ್ಮಕ ಪರೀಕ್ಷೆಗಳಾಗುತ್ತವೆಯೇ ಹೊರತು ರೂಪಣಾತ್ಮಕ ಆಗುವುದಿಲ್ಲ. ಆ ಹೆಸರು ಪ್ರಶ್ನೆಪತ್ರಿಕೆಗೆ ಸೇರಿದ್ದಲ್ಲ, ನಾಳೆಯ ಪಾಠಕ್ಕೆ ಸೇರಿದ್ದು. ನೋಡಿದ್ದರಿಂದ ನಾಳೆ ನೀವು ಬೇರೆ ಏನಾದರೂ ಮಾಡಿದರೆ, ಐದು ನಿಮಿಷದ ಚೀಟಿ ಕೂಡ ರೂಪಣಾತ್ಮಕವೇ.

ಅಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಬಗೆಬಗೆಯ ಮೌಲ್ಯಮಾಪನ ಬೇಕು, ಏಕೆಂದರೆ ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎಲ್ಲವನ್ನೂ ಎಲ್ಲ ಮಕ್ಕಳಿಗೆ ಎಲ್ಲ ವಿಷಯದಲ್ಲಿ ಮಾಡಬೇಕಾಗಿಲ್ಲ.

ದಿನದಿನದ ತರಗತಿಯಿಂದ ಹೊರಡೋಣ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಪಾತ್ರೆಯಲ್ಲಿ ಅದು ನಿಜ, ಏಕೆಂದರೆ ಎಲ್ಲ ಅಕ್ಕಿಗೂ ಒಂದೇ ಉರಿ. ತರಗತಿಯಲ್ಲಿ ಇದನ್ನು ನಂಬಿದರೆ ಕೆಟ್ಟೆವು. ಪ್ರಶ್ನೆ ಕೇಳುತ್ತೇವೆ, ಮುಂದಿನ ಬೆಂಚಿನಿಂದ ಮೂರು ಕೈ ಏಳುತ್ತವೆ, ಒಬ್ಬಳು ಸರಿಯಾಗಿ ಹೇಳುತ್ತಾಳೆ, ‘ಗೊತ್ತಾಯಿತಲ್ಲ?’ ಎನ್ನುತ್ತೇವೆ, ‘ಹೌದು ಮಿಸ್’ ಎಂಬ ಮೇಳ ಬರುತ್ತದೆ. 38 ಮಕ್ಕಳಲ್ಲಿ ಒಂದು ಅಗುಳಷ್ಟೇ ಬೆಂದಿದೆ, ಅದೂ ಬಹುಶಃ ನಿಮ್ಮ ಪಾಠಕ್ಕೆ ಮೊದಲೇ ಬೆಂದಿತ್ತು.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಧನ ಸ್ಲೇಟು. ಎಲ್ಲರೂ ಉತ್ತರ ಬರೆದು ಎದೆಗೆ ಒತ್ತಿ ಹಿಡಿಯಬೇಕು, ನೀವು ‘ತೋರಿಸಿ’ ಎಂದಾಗ ಒಟ್ಟಿಗೆ ಎತ್ತಬೇಕು. ಆಗ ಪಕ್ಕದವರನ್ನು ನೋಡಿ ಬದಲಾಯಿಸಲು ಸಮಯವಿರುವುದಿಲ್ಲ. ಹೆಬ್ಬೆರಳು ಎತ್ತಿಸುವ ಪದ್ಧತಿಯನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅದರಲ್ಲಿ ಮಗು ತನಗೆ ತಿಳಿದಿದೆ ಎಂದುಕೊಂಡಿದೆಯೇ ಎಂಬುದು ಕಾಣುತ್ತದೆ, ತಿಳಿದಿದೆಯೇ ಎಂಬುದು ಕಾಣುವುದಿಲ್ಲ. ಸ್ಲೇಟಿಗೆ ಕೊಡುವ ಪ್ರಶ್ನೆ ಮಾತ್ರ ಯೋಚಿಸಿ ಆಯ್ದದ್ದಾಗಿರಬೇಕು. ‘ಇನ್ನೂರ ಐದು ಬರೆಯಿರಿ’ ಎಂದು ನೋಡಿ. 2005 ಎಂದು ಬರೆದ ಮಗು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದೆ: ಇನ್ನೂರು, ಆಮೇಲೆ ಐದು. ಸ್ಥಾನಬೆಲೆ ಅದರ ತಲೆಯಲ್ಲಿ ಇನ್ನೂ ಕೂತಿಲ್ಲ. 25 ಎಂದು ಬರೆದ ಮಗುವಿನ ತೊಡಕು ಬೇರೆ, ಅದಕ್ಕೆ ಸೊನ್ನೆಯ ಕೆಲಸ ಗೊತ್ತಿಲ್ಲ. ಭಿನ್ನರಾಶಿಗೆ ಬಂದಾಗ ‘ಮೂರನೆಯ ಒಂದು ಭಾಗ ದೊಡ್ಡದೋ, ನಾಲ್ಕನೆಯ ಒಂದು ಭಾಗವೋ?’ ಎಂದು ಕೇಳಿ. ನಾಲ್ಕು ಮೂರಕ್ಕಿಂತ ದೊಡ್ಡದು ಎಂಬ ತರ್ಕದಲ್ಲಿ ಎಷ್ಟು ಸ್ಲೇಟುಗಳು ಏಳುತ್ತವೆ ಎಂಬುದನ್ನು ನೋಡಿದರೆ ನಾಳೆಯ ಪಾಠ ತಾನಾಗಿಯೇ ನಿರ್ಧಾರವಾಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದೂ ಮೌಲ್ಯಮಾಪನದ ಭಾಗ. ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿಯೇ ತೋರಿಸಿದ್ದರು. ಮನೆಮಾತು ಬೇರೆಯಾದ ಮಗು ಪ್ರಶ್ನೆಯನ್ನು ಮನಸ್ಸಿನಲ್ಲಿ ತನ್ನ ಭಾಷೆಗೆ ಒಯ್ದು ಮರಳಿ ತರಬೇಕು. ಅದಕ್ಕೆ ಮೂರು ಸೆಕೆಂಡೂ ಕಡಿಮೆ.

ವಾರಕ್ಕೆ ಎರಡು ದಿನ ಕೊನೆಯ ಐದು ನಿಮಿಷ ಒಂದು ಚೀಟಿ ಬರೆಸಿ. ಒಂದೇ ಪ್ರಶ್ನೆ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅದನ್ನು ಮೂರು ಕಟ್ಟು ಮಾಡಿ: ಬಂದಿದೆ, ಅರೆಬರೆ ಬಂದಿದೆ, ಬಂದಿಲ್ಲ. ಅಂಕ ಹಾಕಬೇಡಿ. ಮೂರನೆಯ ಕಟ್ಟಿನಲ್ಲಿ ಆರು ಚೀಟಿಗಳಿದ್ದರೆ ಮಾರನೆಯ ದಿನ ಉಳಿದವರಿಗೆ ಅಭ್ಯಾಸ ಕೊಟ್ಟು ಆ ಆರು ಮಕ್ಕಳ ಪಕ್ಕದಲ್ಲಿ ಕೂರಿ. 20 ಇದ್ದರೆ ಪಾಠವನ್ನೇ ಮತ್ತೆ, ಬೇರೆ ದಾರಿಯಿಂದ ಮಾಡಿ. ಚೀಟಿಗಳನ್ನು ಆಮೇಲೆ ಎಸೆಯಬಹುದು. ದಾಖಲಿಸದಿದ್ದರೂ ನಡೆಯುವ ಮೌಲ್ಯಮಾಪನವೆಂದರೆ ಇದೇ.

ಈಗ ಭಾಷೆ. ಬೆಂಗಳೂರಿನ ತರಗತಿಯ ನಿಜವಾದ ಸವಾಲೂ ಸಂಪತ್ತೂ ಇಲ್ಲಿದೆ, ಇಲ್ಲಿ ಆತುರ ಬೇಡ. ಉಕ್ತಲೇಖನ ಕೊಟ್ಟು ಹತ್ತಕ್ಕೆ ಐದು ಎಂದು ಬರೆದರೆ ಏನೂ ತಿಳಿಯುವುದಿಲ್ಲ. ತಮಿಳು ಮನೆಯ ಮಗು ‘ಗಾಳಿ’ಯನ್ನು ‘ಕಾಳಿ’ ಎಂದು ಬರೆಯಬಹುದು, ಏಕೆಂದರೆ ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಹಿಂದಿ, ಉರ್ದು ಮನೆಯ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಮಾಡುತ್ತದೆ, ‘ಬೆಳೆ’ ಮತ್ತು ‘ಬೇಳೆ’ ಎರಡನ್ನೂ ಒಂದೇ ರೀತಿ ಬರೆಯುತ್ತದೆ. ಅದರ ಮಾತಿನಲ್ಲಿ ಳಕಾರ ಇಲ್ಲ, ಎಕಾರದ ಹ್ರಸ್ವ-ದೀರ್ಘಗಳು ಅರ್ಥವನ್ನು ಬದಲಿಸುವುದಿಲ್ಲ. ಕನ್ನಡವೇ ಮನೆಮಾತಾದ ಮಗು ‘ಹಾಲು’ ಎನ್ನುವಲ್ಲಿ ‘ಆಲು’ ಎಂದು ಬರೆಯುವುದನ್ನು ನೀವೂ ನೋಡಿರುತ್ತೀರಿ. ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯ ಕುಟುಂಬದ ಮಗು ‘ಐತಿ’ ಎಂದು ಬರೆದರೆ ಅದಕ್ಕೆ ಕನ್ನಡ ಬರುವುದಿಲ್ಲ ಎಂದಲ್ಲ. ಅದು ತನ್ನ ಕನ್ನಡವನ್ನು ಸರಿಯಾಗಿಯೇ ಬರೆದಿದೆ, ಪುಸ್ತಕದ ಕನ್ನಡವನ್ನು ಇನ್ನೂ ಕಲಿಯಬೇಕು. ಈ ನಾಲ್ವರಿಗೂ ಹತ್ತಕ್ಕೆ ಐದೇ ಬಂದಿರಬಹುದು. ಮೊದಲ ಇಬ್ಬರಿಗೆ ಕಿವಿಯ ಅಭ್ಯಾಸ ಬೇಕು: ಜೋಡಿ ಪದಗಳನ್ನು ಹೇಳಿಸಿ, ಕೇಳಿಸಿ, ಚಿತ್ರ ತೋರಿಸಿ ಆರಿಸಲು ಬಿಡಬೇಕು. ಮೂರನೆಯವರಿಗೆ ತಾನು ಆಡುವ ಪದವನ್ನು ಪುಸ್ತಕದಲ್ಲಿ ಕಣ್ಣಿಂದ ಗುರುತಿಸುವ ಅಭ್ಯಾಸ. ನಾಲ್ಕನೆಯ ಮಗುವಿಗೆ ಬೇಕಾದದ್ದು ಗೌರವ, ಆಮೇಲೆ ಎರಡು ರೂಪಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದು. ಐದು ಸಲ ಬರೆಯಿರಿ ಎಂಬ ಶಿಕ್ಷೆಯಿಂದ ಯಾರಿಗೂ ಏನೂ ಆಗುವುದಿಲ್ಲ.

ಇದೇ ಕಾರಣಕ್ಕೆ ಗಣಿತ, ಪರಿಸರ ಅಧ್ಯಯನದಲ್ಲಿ ಮೌಖಿಕ ಮೌಲ್ಯಮಾಪನ ಬಿಡಬೇಡಿ. ಬರವಣಿಗೆಯ ಪ್ರಶ್ನೆಪತ್ರಿಕೆ ಎಷ್ಟೋ ಸಲ ಗಣಿತವನ್ನು ಅಳೆಯುತ್ತೇನೆ ಎಂದು ಹೇಳಿ ಕನ್ನಡವನ್ನು ಅಳೆಯುತ್ತಿರುತ್ತದೆ. ವಾಕ್ಯರೂಪದ ಲೆಕ್ಕವನ್ನು ನೀವೇ ಓದಿ ಹೇಳಿ. ಮಗು ಸರಿಯಾಗಿ ಮಾಡಿದರೆ ತೊಡಕು ಓದಿನಲ್ಲಿದೆ, ಲೆಕ್ಕದಲ್ಲಿಲ್ಲ. ಬೇಕಾದರೆ ಅದೇ ಮನೆಮಾತಿನ ಗೆಳೆಯನೊಬ್ಬ ಉತ್ತರವನ್ನು ಕನ್ನಡಕ್ಕೆ ತಂದು ಹೇಳಲಿ. ಅದು ನಕಲು ಅಲ್ಲ.

ಓದನ್ನು ಮಾತ್ರ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ನ್ಯೂಜಿಲೆಂಡಿನ ಓದಿನ ಸಂಶೋಧಕಿ ಮೇರಿ ಕ್ಲೇ ರೂಪಿಸಿದ ಕ್ರಮ ಸರಳ: ಮಗು ಓದುತ್ತಿರುವಾಗ ಒಂದು ಹಾಳೆಯಲ್ಲಿ ತಪ್ಪಿದ ಪದಗಳನ್ನು, ಅದು ಏನೆಂದು ಓದಿತು ಎಂಬುದನ್ನೂ ಗುರುತು ಮಾಡಿಕೊಳ್ಳುವುದು. ನೂರು ಪದಗಳಲ್ಲಿ 95 ಅಥವಾ ಹೆಚ್ಚು ಸರಿಯಾದರೆ ಆ ಪಾಠ ಮಗುವಿಗೆ ಸುಲಭ. 90ರಿಂದ 94 ಎಂದರೆ ನಿಮ್ಮ ನೆರವಿನಿಂದ ಕಲಿಯಲು ತಕ್ಕದ್ದು. ಅದಕ್ಕಿಂತ ಕಡಿಮೆಯಾದರೆ ಕಷ್ಟ. ಇದು ಇಂಗ್ಲಿಷ್ ಓದಿಗಾಗಿ ಮಾಡಿದ ಲೆಕ್ಕ. ಕನ್ನಡದ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ, ಹಾಗಾಗಿ ನಾನು ಅಂಕಿಗಳನ್ನು ಬಿಗಿಯಾಗಿ ಹಿಡಿಯುವುದಿಲ್ಲ. ತಪ್ಪಿನ ಜಾಡನ್ನು ನೋಡುತ್ತೇನೆ. ಒತ್ತಕ್ಷರದಲ್ಲಿ ಎಡವುತ್ತದೆಯೇ, ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತದೆಯೇ, ಎಲ್ಲ ಸರಿಯಾಗಿ ಓದಿ ‘ಏನಾಯಿತು ಹೇಳು’ ಎಂದರೆ ಸುಮ್ಮನಾಗುತ್ತದೆಯೇ? ದಿನಕ್ಕೆ ನಾಲ್ಕು ಮಕ್ಕಳು, ಒಬ್ಬರಿಗೆ ಮೂರು ನಿಮಿಷ. ಹತ್ತು ದಿನಗಳಲ್ಲಿ 38 ಮಕ್ಕಳೂ ಮುಗಿಯುತ್ತಾರೆ. ವರ್ಷಕ್ಕೆ ಮೂರು ಸಲ ಸಾಕು. ಮೊದಲನೆಯದನ್ನು ಜೂನ್ ತಿಂಗಳ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಕಾರ್ಯಕ್ರಮದ) ಪೂರ್ವ ಪರೀಕ್ಷೆಯೊಂದಿಗೇ ಮಾಡಿಬಿಡಿ.

ನಾಲ್ಕನೆಯ ತರಗತಿಯಲ್ಲಿ ಇದು ವಿಶೇಷವಾಗಿ ಮುಖ್ಯ. ನಿಮ್ಮ ಮಕ್ಕಳು ಮೂರು ವರ್ಷ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯಲ್ಲಿ ಕಲಿತು ಬಂದಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯ ದೊಡ್ಡ ಗುಣವೆಂದರೆ ಮೌಲ್ಯಮಾಪನ ಕಲಿಕಾ ಏಣಿಯ ಒಳಗೇ ಇರುವುದು. ಮಗು ಒಂದು ಮೈಲಿಗಲ್ಲು ದಾಟಿದ ಮೇಲೆ ಮುಂದಿನದಕ್ಕೆ ಹೋಗುತ್ತದೆ, ಪ್ರಗತಿ ನೋಟದಲ್ಲಿ ಅದು ದಾಖಲಾಗುತ್ತದೆ. ನಾಲ್ಕನೆಯ ತರಗತಿಯಲ್ಲಿ ಏಣಿ ಒಮ್ಮೆಲೇ ಇಲ್ಲವಾಗುತ್ತದೆ, ಎಲ್ಲರೂ ಒಂದೇ ದಿನ ಒಂದೇ ಪಾಠಕ್ಕೆ ಬರಬೇಕು. ಮೂರನೆಯ ತರಗತಿಯ ಶಿಕ್ಷಕರಿಂದ ಆ ಪ್ರಗತಿ ನೋಟವನ್ನು ಕೇಳಿ ಪಡೆದುಕೊಳ್ಳಿ. ಯಾವ ಮಗು ಏಣಿಯ ಯಾವ ಮೆಟ್ಟಿಲಲ್ಲಿ ನಿಂತು ನಿಮ್ಮ ತರಗತಿಗೆ ದಾಟಿತು ಎಂಬುದು ಅಲ್ಲಿದೆ. ಅದನ್ನು ಬಿಟ್ಟು ಹೊಸದಾಗಿ ಹುಡುಕುವುದು ಸಮಯದ ನಷ್ಟ.

ವೀಕ್ಷಣಾ ದಾಖಲೆಯ ಬಗ್ಗೆ: 38 ಮಕ್ಕಳ ಬಗ್ಗೆ ತಿಂಗಳ ಕೊನೆಯಲ್ಲಿ ಒಟ್ಟಿಗೆ ಬರೆಯಲು ಕೂತರೆ ‘ಚಟುವಟಿಕೆಯಲ್ಲಿ ಭಾಗವಹಿಸುತ್ತಾಳೆ’, ‘ಇನ್ನೂ ಸುಧಾರಿಸಬೇಕು’ ಎಂಬ ವಾಕ್ಯಗಳೇ ಹುಟ್ಟುತ್ತವೆ. ಬದಲಿಗೆ ದಿನಕ್ಕೆ ಏಳು ಮಕ್ಕಳನ್ನು ಗಮನಿಸಿ. ಸೋಮವಾರದಿಂದ ಶನಿವಾರದೊಳಗೆ ಎಲ್ಲರೂ ಬಂದಿರುತ್ತಾರೆ. ಗುಣವಾಚಕ ಬರೆಯಬೇಡಿ, ಕ್ರಿಯಾಪದ ಬರೆಯಿರಿ. ‘ಗಣಿತದಲ್ಲಿ ಚುರುಕು’ ಎನ್ನುವುದು ತೀರ್ಪು. ‘ಎಂಟಕ್ಕೆ ಐದು ಕೂಡಲು ಒಂದರಿಂದ ಎಣಿಸದೆ ಎಂಟರಿಂದ ಮುಂದಕ್ಕೆ ಎಣಿಸಿದಳು’ ಎನ್ನುವುದು ವೀಕ್ಷಣೆ. ಎರಡನೆಯದನ್ನು ಓದಿದ ಯಾವ ಶಿಕ್ಷಕರಿಗಾದರೂ ಮುಂದೇನು ಕಲಿಸಬೇಕೆಂದು ತಿಳಿಯುತ್ತದೆ. ವಾರಕ್ಕೆ ಒಬ್ಬೊಬ್ಬರ ಬಗ್ಗೆ ಒಂದೇ ಸಾಲು ಸಾಕು. ಯಾವ ಮಗುವಿನ ಬಗ್ಗೆ ಬರೆಯಲು ಏನೂ ಹೊಳೆಯುವುದಿಲ್ಲವೋ ಆ ಮಗುವನ್ನು ನೀವು ಆ ವಾರ ನೋಡಿಯೇ ಇಲ್ಲ ಎಂದರ್ಥ; ಸೋಮವಾರ ಅದರಿಂದಲೇ ಶುರು ಮಾಡಿ.

ಯೋಜನೆಗಳನ್ನು ಮನೆಗೆ ಕೊಡುವುದನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ. ಮನೆಯಿಂದ ಬರುವ ಥರ್ಮೋಕೋಲ್ ಮಾದರಿಯಲ್ಲಿ ಕಾಣುವುದು ಪೋಷಕರ ಬಿಡುವು ಮತ್ತು ಹಣ. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಮನೆ ಸೇರುವ ತಾಯಿಯ ಮಗುವಿಗೆ ಅಲ್ಲಿ ಕಡಿಮೆ ಅಂಕ ಬಂದರೆ ನಾವು ಅಳೆದದ್ದು ಯಾರನ್ನು? ಯೋಜನೆ ತರಗತಿಯಲ್ಲಿ, ನಿಮ್ಮ ಕಣ್ಣೆದುರಿಗೆ ನಡೆಯಲಿ. ಕಾರ್ತಿಕದ ಕೊನೆಯ ಸೋಮವಾರದ ಸುಮಾರಿಗೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ, ಮೂರನೆಯ ರೂಪಣಾತ್ಮಕ ಮೌಲ್ಯಮಾಪನವೂ ಹೆಚ್ಚುಕಡಿಮೆ ಆಗಲೇ ಬರುತ್ತದೆ. ಒಂದಿಷ್ಟು ಕಡಲೆಕಾಯಿ, ಒಂದು ಸೇರು, ಒಂದು ತಕ್ಕಡಿ ತನ್ನಿ. ಸೇರಿನಲ್ಲಿ ಎಷ್ಟು ಕಾಯಿ ಹಿಡಿಯುತ್ತದೆ ಎಂದು ಮೊದಲು ಅಂದಾಜು ಮಾಡಲಿ, ಆಮೇಲೆ ಹತ್ತರ ಗುಂಪು ಕಟ್ಟಿ ಎಣಿಸಲಿ. ಸುಲಿದ ಮೇಲೆ ಬೀಜದ ತೂಕ ಎಷ್ಟು, ಸಿಪ್ಪೆಯದೆಷ್ಟು? ಬೀಜ ಮಣ್ಣಿನೊಳಗೆ ಬಂದದ್ದು ಹೇಗೆ? ಗಣಿತ, ಪರಿಸರ ಅಧ್ಯಯನ, ಕನ್ನಡದ ವರದಿ, ಗುಂಪಿನಲ್ಲಿ ಯಾರು ಯಾರ ಮಾತು ಕೇಳುತ್ತಾರೆ ಎಂಬುದು, ಎಲ್ಲವೂ ಒಂದು ಮಧ್ಯಾಹ್ನದಲ್ಲಿ ಕಾಣುತ್ತದೆ. ಮೊದಲೇ ಮಕ್ಕಳ ಜೊತೆ ಕೂತು ಒಳ್ಳೆಯ ಕೆಲಸ ಎಂದರೆ ಹೇಗಿರಬೇಕೆಂದು ಮೂರು ಹಂತಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ಅಂದಾಜಿಗೆ ಕಾರಣ ಕೊಟ್ಟಿದ್ದಾರೆಯೇ ಎಂಬುದಕ್ಕೆ ಅಲ್ಲಿ ಜಾಗವಿರಲಿ, ಚಾರ್ಟಿನ ಅಂಚಿನ ಬಣ್ಣಕ್ಕೆ ಬೇಡ. ಆ ಹಂತಗಳು ಗೋಡೆಯ ಮೇಲಿದ್ದರೆ ಸ್ವಮೌಲ್ಯಮಾಪನ, ಸಹಪಾಠಿ ಮೌಲ್ಯಮಾಪನ ಎಂದು ಬೇರೆ ನಮೂನೆ ಬೇಕಾಗುವುದಿಲ್ಲ. ಮಕ್ಕಳೇ ಹೋಗಿ ತಾಳೆ ನೋಡುತ್ತಾರೆ.

ಕೃತಿಸಂಪುಟ ತೆಳ್ಳಗಿರಲಿ. ಅರ್ಧ ವರ್ಷಕ್ಕೆ ಮೂರು ಹಾಳೆ, ಪ್ರತಿಯೊಂದರ ಮೇಲೆ ದಿನಾಂಕ, ಒಂದನ್ನು ಮಗುವೇ ಆರಿಸಬೇಕು.

ಪುಸ್ತಕ ತಿದ್ದುವಾಗ ಅಂಕ ಕೊಡಬೇಕೇ, ಮಾತು ಬರೆಯಬೇಕೇ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1988ರಲ್ಲಿ ಪ್ರಕಟವಾದ ರೂತ್ ಬಟ್ಲರ್ ಅವರ ಅಧ್ಯಯನದಲ್ಲಿ ಇಸ್ರೇಲಿನ ಐದು, ಆರನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಅಭಿಪ್ರಾಯ ಮಾತ್ರ, ಕೆಲವರಿಗೆ ಎರಡೂ ಕೊಟ್ಟರು. ಅಭಿಪ್ರಾಯ ಮಾತ್ರ ಪಡೆದವರ ಆಸಕ್ತಿಯೂ ಕೆಲಸವೂ ಮೇಲಾಗಿದ್ದವು. ಎರಡೂ ಪಡೆದವರ ಸ್ಥಿತಿ ಅಂಕ ಮಾತ್ರ ಪಡೆದವರ ಹಾಗೆಯೇ ಇತ್ತು. ಅಂಕ ಕಂಡ ಕಣ್ಣು ಅದರ ಪಕ್ಕದ ಮಾತನ್ನು ಓದುವುದಿಲ್ಲ ಎಂಬುದು ನನ್ನ ಅನುಭವವೂ ಹೌದು. ಆದ್ದರಿಂದ ದಿನದ ಕೆಲಸಕ್ಕೆ ಅಂಕ ಬೇಡ. ‘ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುತ್ತದೆಯೇ? ಕಡ್ಡಿಗಳಿಂದ ಮಾಡಿ ನೋಡು’ ಎಂದು ಬರೆದು, ಆ ಮಗುವಿಗೆ ಮಾಡಿ ನೋಡಲು ಮಾರನೆಯ ದಿನ ಹತ್ತು ನಿಮಿಷ ಬಿಡುವು ಕೊಡಿ. ಆ ಹತ್ತು ನಿಮಿಷವಿಲ್ಲದಿದ್ದರೆ ನಿಮ್ಮ ಮಾತೂ ಕೆಂಪು ಶಾಯಿಯಾಗಿ ಉಳಿಯುತ್ತದೆ.

ಸಂಕಲನಾತ್ಮಕ ಪರೀಕ್ಷೆಯನ್ನು ನಾನು ತಳ್ಳಿಹಾಕುವುದಿಲ್ಲ. ಅರ್ಧ ವರ್ಷದಲ್ಲಿ ಏನು ಉಳಿಯಿತು ಎಂದು ತಿಳಿಯಲು ಅದು ಬೇಕು. ಆದರೆ ಒಟ್ಟು ಅಂಕ ಕೂಡುವ ಮೊದಲು ಒಂದು ದೊಡ್ಡ ಹಾಳೆಯಲ್ಲಿ ಅಡ್ಡಸಾಲಿಗೆ ಒಂದು ಮಗು, ಕಂಬಸಾಲಿಗೆ ಒಂದು ಪ್ರಶ್ನೆ ಎಂದು ಬರೆದು ಸರಿ, ತಪ್ಪು ಗುರುತು ಹಾಕಿ. ಅಡ್ಡ ಓದಿದರೆ ಮಗು ಕಾಣುತ್ತದೆ. ಕೆಳಗೆ ಓದಿದರೆ ನಿಮ್ಮ ಪಾಠ ಕಾಣುತ್ತದೆ. ಏಳನೆಯ ಪ್ರಶ್ನೆಯಲ್ಲಿ 26 ಮಕ್ಕಳು ತಪ್ಪು ಮಾಡಿದ್ದರೆ ಅದು 26 ಮಕ್ಕಳ ದೋಷವಲ್ಲ, ಪ್ರಶ್ನೆಯ ದೋಷ ಅಥವಾ ಪಾಠದ ದೋಷ. ಯಾವ ಪ್ರಶ್ನೆ ಏನನ್ನು ಅಳೆಯುತ್ತದೆ ಎಂದು ಹೇಳುವ ಪ್ರಶ್ನೆಪತ್ರಿಕೆಯ ನೀಲನಕ್ಷೆ ನಿಮ್ಮ ಬಳಿ ಹೇಗೂ ಇರುತ್ತದೆ. ಪಕ್ಕದಲ್ಲಿಟ್ಟುಕೊಂಡರೆ ಯಾವ ಕಲಿಕಾ ಫಲ ಕೈತಪ್ಪಿದೆ ಎಂದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ದಸರಾ ರಜೆ ಮುಗಿಸಿ ಬಂದ ಮೊದಲ ವಾರ ಅದಕ್ಕೆ ಮೀಸಲಾಗಿರಲಿ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂದು ನೀವು ಕೇಳುವುದು ನ್ಯಾಯ. ಇಲಾಖೆ ಕೇಳುವ ಅಂಕಗಳನ್ನು ಕೊಡಲೇಬೇಕು. ಹಾಗಾಗಿ ಅದಕ್ಕೆಂದು ಪ್ರತ್ಯೇಕ ಚಟುವಟಿಕೆ ಹುಟ್ಟಿಸಬೇಡಿ. ಓದಿಸಿ ನೋಡಿದ್ದು, ಕಡಲೆಕಾಯಿಯ ಮಧ್ಯಾಹ್ನ, ವೀಕ್ಷಣೆಯ ಸಾಲುಗಳು, ಇವುಗಳಿಂದಲೇ ಅಂಕ ತೆಗೆಯಿರಿ. ಯಾರೂ ಮತ್ತೆ ತೆರೆಯದ ಪಟ್ಟಿಗಳನ್ನು, ಕಡ್ಡಾಯವಲ್ಲದಿದ್ದರೆ, ಮುಖ್ಯಶಿಕ್ಷಕರೊಂದಿಗೆ ಮಾತಾಡಿ ಕೈಬಿಡಿ.

ಇನ್ನು ಪೋಷಕರು. ಪೋಷಕರಿಗೆ ಮಕ್ಕಳ ಪ್ರಗತಿ ತೋರಿಸುವ ‘ಸಮುದಾಯದತ್ತ ಶಾಲೆ’ ದಿನ ತಾಯಂದಿರು ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಅಂಕಪಟ್ಟಿಗೆ ಸಹಿ ಹಾಕಿಸಿ ಕಳಿಸಬೇಡಿ. ಜೂನ್ ತಿಂಗಳಲ್ಲಿ ಮಗು ಬರೆದ ಹಾಳೆ, ಈಗ ಬರೆದ ಹಾಳೆ, ಎರಡನ್ನೂ ಮೇಜಿನ ಮೇಲೆ ಇಡಿ. ತಾಯಿಗೆ ಕನ್ನಡ ಓದಲು ಬಾರದಿದ್ದರೆ ಮಗುವೇ ಅದನ್ನು ತನ್ನ ಮನೆಮಾತಿನಲ್ಲಿ ವಿವರಿಸಲಿ: ಆಗ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ, ಇನ್ನು ಏನು ಕಲಿಯುತ್ತಿದ್ದೇನೆ. ನೀವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಮಗುವಿನ ಮಾತಿನಲ್ಲಿ ಹೊಸದೇನಾದರೂ ಸಿಕ್ಕಿದರೆ ಆ ವಾರದ ಸಾಲಾಗಿ ಬರೆದುಕೊಳ್ಳಿ.